ಸಂದಿಯಿಲ್ಲದ ಪೆಟ್ಟಿಗೆ

ಇಲ್ಲ, ಆಗ ಆ ಹೆಬ್ಬೆರಳು ಸೊಟ್ಟಗಿರಲು ಸಾಧ್ಯವೇ ಇಲ್ಲ. ಆದರೂ ಭಾವನನ್ನು ನೆನೆದರೆ ಮೊದಲು ಕಣ್ಣಿಗೆ ಬರುವುದು ಅದೇ. ಬಲಗೈ ಹೆಬ್ಬೆರಳು, ಉಗುರು ಬುಡದಿಂದ ಸೀಳಿ ಕಪ್ಪಗಾಗಿದೆ, ಮೇಲಿನ ಗೆಣ್ಣು ಹೊರಕ್ಕೆ ತಿರುಗಿಕೊಂಡಿದೆ. ಅವರು ನನಗೆ ಸಾಲ್ಡರಿಂಗ್ ಕಲಿಸಿದ ಮಧ್ಯಾಹ್ನದ ನೆನಪಿನಲ್ಲೂ ಬೆರಳು ಸೊಟ್ಟ. ಬಸ್‌ಸ್ಟ್ಯಾಂಡಿಗೆ ಬಂದು ನನ್ನ ಟ್ರಂಕು ಇಳಿಸಿಕೊಂಡ ದಿನವೂ ಸೊಟ್ಟ. ಅನುಮಾನ ಬಂದು ಅಕ್ಕನ ಮದುವೆಯ ಆಲ್ಬಮ್ ತೆಗೆದೆ. ಧಾರೆಯ ಫೋಟೋದಲ್ಲಿ ಅದು ನೆಟ್ಟಗೆ, ನುಣ್ಣಗೆ, ಅರಿಶಿನ ಮೆತ್ತಿಕೊಂಡು ಅಕ್ಕನ ಕೈಯ ಮೇಲೆ ಕೂತಿದೆ.

ಬೆರಳು ಮುರಿದದ್ದು ಮದುವೆಯಾಗಿ ಬಹಳ ವರ್ಷ ಆದಮೇಲೆ. ಮುರಿದದ್ದು ನಾನು. ನನ್ನ ನೆನಪು ಆ ಒಂದು ಪೆಟ್ಟನ್ನು ಹಿಂದಕ್ಕೆ ಎಳೆದುಕೊಂಡು ಹೋಗಿ, ಅವರು ಒಳ್ಳೆಯವರಾಗಿದ್ದ ದಿನಗಳ ಮೇಲೂ ಹೊಡೆದಿದೆ. ಹಾಗಾಗಿ ಇಲ್ಲಿ ಬರೆಯುವುದನ್ನೆಲ್ಲ ನಾನೇ ಪೂರ್ತಿ ನಂಬುವುದಿಲ್ಲ.

ಶಿಡ್ಲಘಟ್ಟದ ಹೈಸ್ಕೂಲಿಗೆ ವಿಜ್ಞಾನದ ಟೀಚರಾಗಿ ಬಂದಾಗ ನನಗೆ ಇಪ್ಪತ್ತಾರು ವರ್ಷ. ಬಾಡಿಗೆ ಮನೆ ಹುಡುಕುತ್ತೇನೆ ಎಂದದ್ದಕ್ಕೆ ಭಾವ ಗದರಿದರು. "ಬೇರೆ ಮನೆ ಯಾಕಮ್ಮ, ನಾವೇನು ಸತ್ತಿದೀವಾ?" ಮಹಡಿಯ ಕೋಣೆ ನನಗೆ, ಕೆಳಗೆ ಅಕ್ಕ ಮತ್ತು ಭಾವ. ಮಕ್ಕಳಿರಲಿಲ್ಲ. ಅದೇ ಬೀದಿಯ ತುದಿಯಲ್ಲಿ ಭಾವನ ಮೈಕ್‌ಸೆಟ್ ಅಂಗಡಿ. ನಮ್ಮ ಮನೆಯ ಎದುರಿಗೆ ರೇಷ್ಮೆ ಗೂಡಿನಿಂದ ನೂಲು ತೆಗೆಯುವ ಫಿಲೇಚರ್. ಅದನ್ನು ನಡೆಸುತ್ತಿದ್ದ ಹೆಂಗಸನ್ನು ಇಡೀ ಬೀದಿ ಆಪಾ ಎಂದೇ ಕರೆಯುತ್ತಿತ್ತು. ಬೆಳಗಿನಿಂದ ಸಂಜೆಯವರೆಗೆ ಅವರ ಯಂತ್ರಗಳ ಗಿರಗಿರ ಸದ್ದು, ಬೇಯುವ ಹುಳುವಿನ ವಾಸನೆ. ಶುಕ್ರವಾರ ಮಾತ್ರ ಎಲ್ಲ ಬಂದ್. ಅಂದು ಬೀದಿಯ ಅಂಗಡಿಗಳೂ ಮುಚ್ಚುತ್ತಿದ್ದುದರಿಂದ ಭಾವ ಮನೆಯಲ್ಲಿರುತ್ತಿದ್ದರು. ಮಧ್ಯಾಹ್ನ ನಾನು ಸ್ಕೂಲಿನಿಂದ ಊಟಕ್ಕೆ ಬರುವ ಹೊತ್ತಿಗೆ ಅವರ ಹೋಮ್ ಥಿಯೇಟರ್ ಬೀದಿಗೆಲ್ಲ ಕೇಳುತ್ತಿತ್ತು. ಬರೀ ಹೊಡೆದಾಟದ ಸಿನಿಮಾ. ಮೂಲೆಯಲ್ಲಿದ್ದ ಸಬ್‌ವೂಫರ್ ಪೆಟ್ಟಿಗೆ ಗುದ್ದಿದರೆ ಅಡುಗೆಮನೆಯ ತಟ್ಟೆಗಳು ನಡುಗುತ್ತಿದ್ದವು, ಮಹಡಿಯಲ್ಲಿ ಕೂತವರ ಪಕ್ಕೆಲುಬಿಗೆ ಗುದ್ದು ಬೀಳುತ್ತಿತ್ತು.

"ಕೇಳಿಸ್ಕೊಂಡ್ಯಾ ಟೀಚರಮ್ಮ? ಇದು ಕಿವೀಲಿ ಕೇಳೋ ಸದ್ದಲ್ಲ, ಹೊಟ್ಟೇಲಿ ಕೇಳೋದು" ಎನ್ನುತ್ತಿದ್ದರು ಭಾವ. ಸಿಳ್ಳೆ ಹೊಡೆಯುತ್ತ ಎಲೆಯಡಿಕೆ ಮಡಿಸುತ್ತಿದ್ದರು, ಒಂದು ಬೀಡ ನನಗೆ, ಒಂದು ಅಕ್ಕನಿಗೆ. ಚಿಂತಾಮಣಿ ಕಡೆಯವರು, ಮನೆಮಾತು ತೆಲುಗು. ತಮಾಷೆಯೆಲ್ಲ ಕನ್ನಡದಲ್ಲಿ, ಅಳತೆ ಮತ್ತು ಸಿಟ್ಟು ತೆಲುಗಿನಲ್ಲಿ. ಟೇಪು ಹಿಡಿದು "ಒಕಟಿ, ರೆಂಡು, ಮೂಡು" ಎಂದು ಶುರುಮಾಡಿದರೆ ಅಕ್ಕ ಕೆಲಸ ಬಿಟ್ಟು ಒಂದು ಕ್ಷಣ ತಲೆಯೆತ್ತಿ ನೋಡುತ್ತಿದ್ದಳು. ಅಳತೆಯೋ ಸಿಟ್ಟೋ ಎಂದು ಖಚಿತಪಡಿಸಿಕೊಂಡು ಮತ್ತೆ ಸೊಪ್ಪು ಬಿಡಿಸುತ್ತಿದ್ದಳು. ಇದನ್ನು ನಾನು ಆಗಲೇ ಗಮನಿಸಿದ್ದೆನೋ, ಈಗ ಸೇರಿಸುತ್ತಿದ್ದೇನೋ?

ಸಬ್‌ವೂಫರ್ ಸತ್ತದ್ದು ಒಂದು ಭಾನುವಾರ ಬೆಳಿಗ್ಗೆ. ಅಡ್ಡಾದಿಡ್ಡಿ ವೋಲ್ಟೇಜಿಗೆ ಒಳಗಿನ ಕಾಯಿಲ್ ಸುಟ್ಟು, ಮನೆಯೆಲ್ಲ ಹೆಣ ಸುಟ್ಟಂಥ ಕಮಟು ವಾಸನೆ. ಭಾವ ಅದನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ತಾರಸಿಗೆ ಹೋದರು. ರಿಪೇರಿಗೆಂದುಕೊಂಡೆ. ನೀರಿನ ತೊಟ್ಟಿಯ ಪಕ್ಕ ಇಟ್ಟು ಸುತ್ತಿಗೆಯಿಂದ ಹೊಡೆಯತೊಡಗಿದರು. ಹಲಗೆ ಚೂರಾಯಿತು. ಸ್ಪೀಕರಿನ ಕಾಗದದ ಬಟ್ಟಲು ಹರಿದು, ಕಬ್ಬಿಣದ ಚೌಕಟ್ಟು ಬಾಗಿ, ಹಿಂದಿನ ಕರಿಯ ಅಯಸ್ಕಾಂತ ಬೆಲ್ಲದ ಅಚ್ಚಿನಂತೆ ಮೂರು ತುಂಡಾಯಿತು. ಆಮೇಲೂ ಹೊಡೆದರು. ತುಟಿಯ ಮೂಲೆಯಲ್ಲಿ ಜೊಲ್ಲು ಇಳಿದಿತ್ತು. "ಚೆಪ್ಪಿತೇ ವಿನವಾ? ವಿನವಾ?" ಹೇಳಿದರೆ ಕೇಳಲ್ವಾ ಎಂದು ಮರದ ಪೆಟ್ಟಿಗೆಯನ್ನು ಕೇಳುತ್ತಿದ್ದರು. ಅಕ್ಕ ಮೆಟ್ಟಿಲ ಬಾಗಿಲಲ್ಲಿ ಗೋಡೆಗೆ ಅಂಟಿಕೊಂಡು ನಿಂತಿದ್ದಳು.

ಮುಗಿದ ಮೇಲೆ ಕುಕ್ಕರುಗಾಲಲ್ಲಿ ಕೂತು ಒಂದೊಂದೇ ಸ್ಕ್ರೂ ಹೆಕ್ಕಿ, ಧೂಳು ಊದಿ, ಬಿಸ್ಕತ್ತಿನ ಡಬ್ಬಿಗೆ ಹಾಕಿಕೊಂಡರು. "ಸ್ಕ್ರೂ ಯಾವತ್ತೂ ಬಿಸಾಕ್ಬಾರ್ದು ಟೀಚರಮ್ಮ. ಅದೇನು ತಪ್ಪು ಮಾಡಿರಲ್ಲ." ನಾನು ನಕ್ಕೆ. ನಕ್ಕದ್ದು ನೆನಪಿದೆ.

ಆಮೇಲಿನ ಎರಡು ಶುಕ್ರವಾರ ಸಿನಿಮಾದಲ್ಲಿ ಬರೀ ಮಾತು; ಗುದ್ದಿಲ್ಲ. ಎರಡನೇ ಶುಕ್ರವಾರ ನಾನು ಚಪ್ಪಲಿ ಬಿಡುತ್ತಿದ್ದಾಗ ಒಳಗೆ ದೊಪ್ಪೆಂದು ಭಾರವಾದದ್ದು ಗೋಡೆಗೆ ಬಿದ್ದ ಸದ್ದು. ಹೋದೆ. ಅಕ್ಕ ಅಡುಗೆಮನೆಯ ನೆಲದ ಮೇಲೆ ಕೂತು ಸೆರಗು ಸರಿಮಾಡಿಕೊಳ್ಳುತ್ತಿದ್ದಳು. "ಸಿಲಿಂಡರ್ ಉರುಳ್ತು ಕಣೇ" ಎಂದಳು. ಸಿಲಿಂಡರ್ ಕಟ್ಟೆಯ ಕೆಳಗೆ ನೆಟ್ಟಗೆ ನಿಂತಿತ್ತು. ಅದರ ಒಲೆಯ ಮೇಲೆ ಅನ್ನ ಕುದಿಯುತ್ತಿತ್ತು. "ಹುಷಾರಾಗಿರಬಾರ್ದೇನೇ" ಎಂದೆ, ತಟ್ಟೆ ಹಾಕಿಕೊಂಡೆ, ಸಾರು ಬಡಿಸಿಕೊಂಡು ಉಂಡು ಎರಡನೇ ಬೆಲ್ಲಿನೊಳಗೆ ಸ್ಕೂಲಿಗೆ ಹೋದೆ.

ಮಾರನೇ ವಾರ ಭಾವ ಹೇಳಿದರು. "ಕಂಪ್ನೀದು ಬೇಡ ಟೀಚರಮ್ಮ, ನಾವೇ ಕಟ್ಟೋಣ. ಹತ್ತಿಂಚಿನ ಸ್ಪೀಕರ್ ಬೆಂಗಳೂರಿಂದ ತರ್ತೀನಿ. ಪೆಟ್ಟಿಗೆ ಒಳಗೆ ಎಷ್ಟು ಗಾಳಿ ಇರ್ಬೇಕು ಅನ್ನೋ ಲೆಕ್ಕ ನಿಂದು."

ಲೆಕ್ಕ ನಾನು ಮಾಡಿದೆ. ಇದನ್ನು ಬೇರೆಯವರ ಮೇಲೆ ಹಾಕಲು ಬರುವುದಿಲ್ಲ. ಉದ್ದ, ಅಗಲ, ಎತ್ತರ, ಗಾಳಿ ಹೊರಬರುವ ಕೊಳವೆಗೆ ಬೋರ್‌ವೆಲ್ಲಿನ ನಾಲ್ಕಿಂಚು ಪೈಪನ್ನು ಎಷ್ಟುದ್ದ ಕೊಯ್ಯಬೇಕು ಎಲ್ಲವನ್ನೂ ಹಳೆಯ ಉತ್ತರಪತ್ರಿಕೆಗಳ ಬೆನ್ನಿನಲ್ಲಿ ಬರೆದೆ. ಮುಕ್ಕಾಲಿಂಚಿನ ಪ್ಲೈವುಡ್ ತಂದು ತಾರಸಿಯಲ್ಲಿ ಕೊಯ್ದೆವು. ಭಾವ ನನ್ನ ಕೈ ಹಿಡಿದು ಸಾಲ್ಡರಿಂಗ್ ಕಲಿಸಿದರು. "ಸೀಸದ ತಂತೀನ ತಳ್ಬೇಡಮ್ಮ. ಜಾಗ ಬಿಸಿ ಮಾಡು, ಅದೇ ಹರ್ಕೊಂಡು ಬರುತ್ತೆ. ಬಲವಂತ ಮಾಡಿದ್ರೆ ಬೆಸುಗೆ ನಿಲ್ಲಲ್ಲ." ಹೀಗೆಂದ ಬಾಯಿ ಅದು. ಆ ಕೈಯಷ್ಟು ಮೃದುವಾದ ಕೈಯನ್ನು ನಾನು ಆಮೇಲೆ ಯಾರಲ್ಲೂ ಕಂಡಿಲ್ಲ ಎಂಬುದೂ ನಿಜ. ಎರಡನ್ನೂ ಒಂದೇ ಮನುಷ್ಯನೊಳಗೆ ಇಡಲು ನನಗೆ ಬರುತ್ತಿಲ್ಲ; ಪಕ್ಕಪಕ್ಕ ಇಟ್ಟು ಬಿಡುತ್ತಿದ್ದೇನೆ.

ಒಳಗೆ ತುಂಬಲು ಮೆತ್ತನೆಯದೇನಾದರೂ ಬೇಕಿತ್ತು. ಇಲ್ಲದಿದ್ದರೆ ಸದ್ದು ಪೆಟ್ಟಿಗೆಯೊಳಗೇ ಹೊಡೆದಾಡುತ್ತದೆ. ಹತ್ತಿ, ಸ್ಪಂಜು ಎಂದೆಲ್ಲ ಯೋಚಿಸುತ್ತಿದ್ದಾಗ ಎದುರುಮನೆ ಆಪಾ ನಕ್ಕರು.

"ಶಿಡ್ಲಘಟ್ಟದಲ್ಲಿ ಕೂತ್ಕೊಂಡು ಹತ್ತಿ ಹುಡುಕ್ತೀರಾ? ನಮ್ಮ ವೇಸ್ಟ್ ರೇಷ್ಮೆ ಒಂದು ಮೂಟೆ ತಗೊಂಡ್ಹೋಗಿ. ಮಗರ್ ಭಾಯ್, ಚೆನ್ನಾಗಿ ತೊಳೀಬೇಕು, ಒಂದೊಂದು ಹುಳಾನೂ ಆರಿಸ್ಬೇಕು. ಮೂರು ಬಿಸಿಲು ಕಾಯ್ಸಿ. ಇಲ್ಲಾಂದ್ರೆ ಹೆಣ ತಿನ್ನೋಕೆ ದುಂಬಿಗಳ ಪೂರಾ ಖಾನ್ದಾನ್ ಬರುತ್ತೆ."

ನೂಲು ತೆಗೆದ ಮೇಲೆ ಉಳಿಯುವ ಸಿಕ್ಕು ಸಿಕ್ಕಾದ ರೇಷ್ಮೆ ಅದು. ಬೆಂದು ಸತ್ತ ಹುಳುಗಳು ಅಲ್ಲಲ್ಲಿ ಅಂಟಿಕೊಂಡಿರುತ್ತವೆ. ಊರಿನವರಿಗೆಲ್ಲ ಗೊತ್ತಿರುವ ವಿಷಯ. ಭಾವನಿಗೆ ಅಷ್ಟು ದಿನ ಕಾಯಲಾಗಲಿಲ್ಲ. ಕೈಗೆ ಸಿಕ್ಕ ಹುಳುಗಳನ್ನಷ್ಟೇ ಹೊಸಕಿ ಎಸೆದು, "ಒಂದು ಬಿಸಿಲು ಸಾಕು ಬಾರಮ್ಮ, ಅವಳಿಗೇನು ಗೊತ್ತು ಸೌಂಡು" ಎಂದು ಹಸಿಹಸಿಯಾಗಿಯೇ ಒಳಗೆ ತುರುಕಿದರು.

ಮರದ ಹೊಟ್ಟಿಗೆ ಗೋಂದು ಕಲಸಿ ನಾನು ಮೂಲೆಗಳಿಗೆಲ್ಲ ಮೆತ್ತಿದೆ. ಕೊಳವೆಯ ಬಾಯಿ ಬಿಟ್ಟು ಬೇರೆಲ್ಲೂ ಗಾಳಿ ಹೋಗಬಾರದು. ಭಾವ ಊದುಬತ್ತಿ ಹಚ್ಚಿ ಕೊಟ್ಟರು. ಅವರು ಸ್ಪೀಕರನ್ನು ಸಣ್ಣಗೆ ಗುದ್ದಿಸುತ್ತಿದ್ದರೆ ನಾನು ಅಂಚಿನುದ್ದಕ್ಕೂ ಊದುಬತ್ತಿ ಹಿಡಿದು ಹೊಗೆ ಎಲ್ಲಿ ಅಲುಗುತ್ತದೆಂದು ನೋಡುತ್ತಿದ್ದೆ. ಅಲುಗಿದಲ್ಲಿ ಮತ್ತೆ ಗೋಂದು. "ಸೌಂಡು ಸುಳ್ಳು ಹೇಳಲ್ಲ ಟೀಚರಮ್ಮ. ಸೂಜಿಮೊನೆಯಷ್ಟು ಸಂದಿ ಇದ್ರೂ ಬೀದಿಗೆಲ್ಲಾ ಹೇಳ್ಬಿಡುತ್ತೆ."

ಆ ತಿಂಗಳೆಲ್ಲ ಮನೆಯಲ್ಲಿ ಏನೂ ಉರುಳಲಿಲ್ಲ ಎಂದು ಬರೆಯಲು ಹೊರಟಿದ್ದೆ. ಹಾಗೆ ಬರೆದರೆ ಅದು ನನಗೆ ಬೇಕಾದ ಮಾತು. ಶುಕ್ರವಾರ ಬಿಟ್ಟು ಉಳಿದ ದಿನ ಆಪಾನ ಯಂತ್ರಗಳ ಸದ್ದಿನಲ್ಲಿ ಬೇರೇನೂ ಕೇಳುತ್ತಿರಲಿಲ್ಲ, ನಾನು ಸ್ಕೂಲಿನಲ್ಲಿರುತ್ತಿದ್ದೆ. ನನಗೆ ಗೊತ್ತಿರುವುದು ಭಾವ ನನ್ನ ಜೊತೆ ತಾರಸಿಯಲ್ಲಿದ್ದ ಗಂಟೆಗಳು ಮಾತ್ರ.

ಪೆಟ್ಟಿಗೆ ಮೊದಲ ಸಲ ಗುದ್ದಿದಾಗ ಗೋಡೆಯ ಕನ್ನಡಿ ಬಿದ್ದು ಒಡೆಯಿತು. ಭಾವ ಕೇಕೆ ಹಾಕಿ ನನ್ನ ತಲೆ ಸವರಿದರು. ಎದುರುಮನೆ ಆಪಾ "ಇದೇನು ಸ್ಪೀಕರಾ, ಬಂಡೆ ಒಡೆಯೋ ಮಿಷನ್ನಾ?" ಎಂದು ಕೂಗಿದರು. ಚೂರು ಗುಡಿಸುತ್ತಿದ್ದ ಅಕ್ಕ ನನ್ನ ಮುಖ ನೋಡಿದಳು.

ನಾಲ್ಕು ತಿಂಗಳಿರಬಹುದು, ಐದೂ ಇರಬಹುದು. ಒಂದು ಶುಕ್ರವಾರ ಊಟಕ್ಕೆ ಬರುತ್ತಿದ್ದೆ. ಬೀದಿ ತಣ್ಣಗಿತ್ತು. ನಮ್ಮ ಮನೆಯೊಳಗೆ ಪೆಟ್ಟಿಗೆ ಗುದ್ದುತ್ತಿತ್ತು. ಆಪಾ ತಮ್ಮ ಜಗಲಿಯ ಮೇಲೆ ಕೂತು ಗೂಡು ಆರಿಸುತ್ತಿದ್ದರು. ನಾನು ಅವರ ಮುಂದೆ ಬರುವ ಹೊತ್ತಿಗೆ ಪೆಟ್ಟಿಗೆಯ ಸದ್ದು ಒಡೆಯಿತು. ಗರಗರ ಎಂದಿತು, ತಗಡು ಬಡಿದಂತಾಯಿತು, ನಿಂತಿತು. ಸಣ್ಣ ಸ್ಪೀಕರುಗಳಲ್ಲಿ ಸಿನಿಮಾದ ಮಾತು ನಡೆದೇ ಇತ್ತು. ಆದರೆ ಗುದ್ದು ನಿಂತಿರಲಿಲ್ಲ. ಒಂದು. ಇನ್ನೊಂದು. ಆಮೇಲೆ ಒದ್ದೆಬಟ್ಟೆ ಕಲ್ಲಿಗೆ ಬಡಿದಂಥದ್ದು. ಆಮೇಲೆ ಮನುಷ್ಯರ ಗಂಟಲಿನಿಂದ ಬರಬಾರದಂಥ ಒಂದು ಸದ್ದು.

ಆಪಾ ಮೊರ ಕೆಳಗಿಟ್ಟರು. "ಇದು ಪೆಟ್ಟಿಗೆ ಸದ್ದಲ್ಲ ಟೀಚರ್" ಎಂದರು.

ಅವರು ಮುಂದೆ, ನಾನು ಹಿಂದೆ. ಹಾಗೆಂದೇ ಎಲ್ಲರಿಗೂ ಹೇಳಿದ್ದೇನೆ. ಬಾಗಿಲಲ್ಲಿ ನಾನು ಎಷ್ಟು ಹೊತ್ತು ನಿಂತೆನೆಂದು ಹೇಳಿಲ್ಲ.

ಅಕ್ಕ ಟೀವಿಯ ಕೆಳಗೆ ಕುಸಿದಿದ್ದಳು. ಎಡಗಿವಿಯಿಂದ ರಕ್ತ ಕತ್ತಿಗಿಳಿದು ರವಿಕೆಯ ತೋಳು ನೆನೆದಿತ್ತು. ಭಾವ ಅವಳ ಕಡೆ ನೋಡುತ್ತಿರಲಿಲ್ಲ. ಪೆಟ್ಟಿಗೆಯನ್ನು ಅಂಗಾತ ಮಲಗಿಸಿ, ಸುತ್ತಿಗೆಯಿಂದ ಮೀಟಿ, ಸ್ಪೀಕರನ್ನು ಹೊರಗೆತ್ತಿದ್ದರು. ಒಳಗಿನ ರೇಷ್ಮೆ ಪುಡಿಪುಡಿಯಾಗಿತ್ತು. ಕೂದಲು ತುಂಬಿದ ಕಂದು ಹುಳುಗಳು, ಸಣ್ಣ ಕಪ್ಪು ದುಂಬಿಗಳು ನೂರಾರು ಅಂಚು ಹತ್ತಿ ನೆಲಕ್ಕೆ ಬೀಳುತ್ತಿದ್ದವು. ಕಾಗದದ ಬಟ್ಟಲಿನ ಸುತ್ತ ಜಾಲರಿಯ ಹಾಗೆ ತೂತು.

"ನೋಡು ಟೀಚರಮ್ಮ" ಎಂದರು ಭಾವ, ಅಳುವ ದನಿಯಲ್ಲಿ. "ನಾವು ಕಟ್ಟಿದ್ದು. ತಿಂದಾಕ್ಬಿಟ್ಟಿವೆ."

"ನಿಮ್ಮ ಹೆಂಡ್ತಿ ಕಿವೀಲಿ ರಕ್ತ ಬರ್ತಿದೆ ಭಾಯ್. ನೀವು ಡಬ್ಬಾ ನೋಡ್ತಾ ಕೂತಿದೀರಾ?" ಎಂದರು ಆಪಾ.

ಭಾವ ತಿರುಗಿ ಅಕ್ಕನನ್ನು ನೋಡಿದರು. "ಏಮೇ" ಎಂದರು, ಸಿಟ್ಟಿನ ತೆಲುಗಿನಲ್ಲಿ. ಎದ್ದೇಳಲು ಬಲಗೈಯನ್ನು ಪೆಟ್ಟಿಗೆಯ ಅಂಚಿಗೆ ಊರಿದರು. ಆ ಕೈಯಲ್ಲಿ ಅಕ್ಕನ ಕೂದಲು ನಾಲ್ಕೆಳೆ ಸಿಕ್ಕಿಕೊಂಡಿತ್ತು. ಸುತ್ತಿಗೆ ನನ್ನ ಕಾಲ ಬಳಿ ಇತ್ತು. ಎತ್ತಿದ್ದು ನೆನಪಿಲ್ಲ. ಬಿದ್ದ ಸದ್ದು ನೆನಪಿದೆ, ಹಸಿ ಕಡ್ಡಿ ಮುರಿದಂತೆ. ಎರಡನೇ ಸಲ ಎತ್ತಿದಾಗ ಆಪಾ ನನ್ನ ಮೊಣಕೈ ಹಿಡಿದುಕೊಂಡರು. ಅವರು ಹಿಡಿಯದಿದ್ದರೆ ಆ ಪೆಟ್ಟು ಬೀಳುತ್ತಿದ್ದುದು ಕೈಯ ಮೇಲಲ್ಲ.

ಒಂದೇ ಆಸ್ಪತ್ರೆ, ಒಂದೇ ಬೆಂಚು. ಆಪಾ ಅಕ್ಕನನ್ನು ತಮ್ಮ ಮೈಗೆ ಒರಗಿಸಿಕೊಂಡು ಕೂತಿದ್ದರು. ಅಕ್ಕನ ಕಿವಿಯ ತಮಟೆ ಹರಿದಿತ್ತು. ಆ ಕಡೆ ಇವತ್ತಿಗೂ ಕೇಳಿಸುವುದಿಲ್ಲ. ಬೆರಳಿಗೆ ಏನಾಯಿತೆಂದು ಡಾಕ್ಟರು ಕೇಳಿದಾಗ ಭಾವ ನನ್ನ ಕಡೆ ನೋಡದೆ ಹೇಳಿದರು. "ಪೆಟ್ಟಿಗೆ ಬಿತ್ತು ಸಾರ್."

ಅಂದಿನಿಂದ ಅಕ್ಕ ಆ ಮನೆಯ ಹೊಸಿಲು ತುಳಿಯಲಿಲ್ಲ. ಮೊದಲು ಎರಡು ತಿಂಗಳು ಆಪಾನ ಮನೆ, ಆಮೇಲೆ ನನ್ನ ವರ್ಗಾವಣೆಯ ಜೊತೆ ಗೌರಿಬಿದನೂರು. ಭಾವ ಬಂದು ಕರೆಯಲಿಲ್ಲ. ಕೆಲವು ವರ್ಷದ ಮೇಲೆ ಚಿಂತಾಮಣಿಯಲ್ಲಿ ಹೃದಯಾಘಾತವಾಗಿ ತೀರಿಕೊಂಡರು ಎಂದು ಗೊತ್ತಾಯಿತು. ಅಕ್ಕ ತಲೆಗೆ ನೀರು ಹಾಕಿಕೊಂಡಳು, ಮಣ್ಣಿಗೆ ಹೋಗಲಿಲ್ಲ. ತಿಂಗಳ ನಂತರ ಅವರ ತಮ್ಮ ಬಂದು ಬಿಸ್ಕತ್ತಿನ ಡಬ್ಬಿಯೊಂದನ್ನು ಕೊಟ್ಟು ಹೋದರು. "ಟೀಚರಮ್ಮಂಗೆ ಕೊಡು ಅಂದಿದ್ದ." ಸ್ಕ್ರೂಗಳು. ಅವನ್ನೇ ಬಳಸುತ್ತೇನೆ. ಸ್ಕೂಲಿನ ಪ್ರಯೋಗಾಲಯದಲ್ಲಿ ಕೆಟ್ಟದ್ದನ್ನೆಲ್ಲ ನಾನೇ ಬೆಸೆಯುತ್ತೇನೆ. ಜಾಗ ಬಿಸಿಮಾಡಿ ಕಾಯುತ್ತೇನೆ, ಬಲವಂತ ಮಾಡುವುದಿಲ್ಲ. ಅವರನ್ನು ಏಕವಚನದಲ್ಲಿ ಬರೆಯಲು ನೋಡಿದೆ. ಆಗಲಿಲ್ಲ.

ಹೋದ ಯುಗಾದಿಗೆ ಅಕ್ಕ ಹೋಳಿಗೆ ತಟ್ಟುತ್ತ, ಕೇಳುವ ಕಿವಿಯನ್ನು ನನ್ನ ಕಡೆ ತಿರುಗಿಸಿ ಒಂದು ಮಾತು ಕೇಳಿದಳು. "ಅವತ್ತು ಸಿಲಿಂಡರ್ ಉರುಳ್ತು ಅಂದೆನಲ್ಲ, ನಂಬಿದ್ಯೇನೇ?"

ಒಲೆಯ ಮೇಲೆ ಅನ್ನ ಕುದಿಯುತ್ತಿದ್ದುದನ್ನು ನಾನು ನೋಡಿದ್ದೆ. ನೋಡಿದ ಮೇಲೆ, ಅಂಥ ಸದ್ದನ್ನೆಲ್ಲ ನುಂಗಿದ ಆ ಪೆಟ್ಟಿಗೆಗೆ ಲೆಕ್ಕ ಹಾಕಿದೆ, ಊದುಬತ್ತಿ ಹಿಡಿದು ಸಂದಿಗಳನ್ನೆಲ್ಲ ಮುಚ್ಚಿದೆ. ನಂಬಿದ್ದೆನೋ ಇಲ್ಲವೋ, ನನಗೆ ಗೊತ್ತಿಲ್ಲ. ಅಕ್ಕನಿಗೂ ಅಷ್ಟೇ ಹೇಳಿದೆ.