ಮೊಣಕಾಲು ಮಡಚುವವಳು

ಇನ್ನು ಗುಣವಾಗದವರ ಆರೈಕೆ ಮನೆಯಲ್ಲಿ ಹೇಗೆ ನಡೆದಿದೆ ಎಂದು ನೋಡಿ ಬರುವುದು ನನ್ನ ಕೆಲಸ. ಬೀಡಿ ಎಂಬ ಊರಿನ ಒಂದು ಮನೆಯಲ್ಲಿ ಹಾಸಿಗೆ ಹಿಡಿದ ಅಜ್ಜಿಯೊಬ್ಬರನ್ನು ನೋಡಿಕೊಳ್ಳುತ್ತಿದ್ದ ನರ್ಸ್‌ಬಾಯಿ ಮೊದಲು ಅಂಗೈ ಉಜ್ಜಿ ಬೆಚ್ಚಗೆ ಮಾಡಿಕೊಳ್ಳುತ್ತಿದ್ದಳು. ಆಮೇಲೆ ಅಜ್ಜಿಯ ಮೊಣಕಾಲನ್ನು ಮೆಲ್ಲಗೆ ಮಡಚುತ್ತ, "ಇನ್ನೊಂದೀಟ, ಅವ್ವಾ" ಎನ್ನುತ್ತಿದ್ದಳು. ಅಜ್ಜಿ ಹಲ್ಲು ಕಚ್ಚಿ ತಡೆದುಕೊಳ್ಳುತ್ತಿದ್ದರು.

ಹೋದಾಗಲೆಲ್ಲ ಇದೇ. ಒಂದು ದಿನ ನನಗೆ ಸಿಟ್ಟು ಬಂತು. "ಯಾಕ ತ್ರಾಸ ಕೊಡ್ತೀರಿ? ಇವರು ಇನ್ನ ಎದ್ದು ಅಡ್ಡ್ಯಾಡೂದು ಐತೇನು?" ಎಂದೆ.

ಅಜ್ಜಿಯೇ ಹೇಳಿದರು: "ನಾನ ಹೇಳೇನ್ರೀ. ನಮ್ಮಲ್ಲಿ ಸತ್ತವ್ರನ್ನ ಕುಂದರ್ಸಿ ಮಣ್ಣ ಮಾಡ್ತಾರ. ನಮ್ಮತ್ತಿ ಸತ್ತಾಗ ಕಾಲ ಸೆಟದಿದ್ವು, ಮುರದು ಕುಂದರ್ಸಿದ್ರು. ಆ ಸಪ್ಪಳ ನಾ ಕೇಳೇನಿ."

ನರ್ಸ್‌ಬಾಯಿ ಮತ್ತೆ ಅಂಗೈ ಉಜ್ಜಿಕೊಂಡು ಇನ್ನೊಂದು ಕಾಲು ಹಿಡಿದಳು.