ಗಾಜಿನ ಮೇಲಿನ ಕುಂಕುಮ

ಸಹನಾ ಅವರೇ, ಪೀಣ್ಯದ ಆ ಕಾರ್ಖಾನೆಯಲ್ಲಿ ನಿಮ್ಮ ಕ್ಯಾಮೆರಾದ ಗಾಜಿಗೆ ಕುಂಕುಮ ಮೆತ್ತಿದವನು ನಾನು. ಅದು ಗೊತ್ತಿದ್ದೂ ಪರೀಕ್ಷೆಯ ಮರುದಿನದ ಪತ್ರಿಕೆಯಲ್ಲಿ ‘ಪರೀಕ್ಷೆಯಲ್ಲಿ ಯಂತ್ರ ವಿಫಲ’ ಎಂದು ಬರೆದವನೂ ನಾನೇ. ಆರು ವರ್ಷ ಯಾರಿಗೂ ಹೇಳಲಿಲ್ಲ. ಹೇಳದೆ ಉಳಿದದ್ದಕ್ಕೆ ಕಾರಣ ಹುಡುಕಿ ನೋಡಿದ್ದೇನೆ — ಒಂದೂ ಅಚ್ಚಿಗೆ ಯೋಗ್ಯವಾದದ್ದಲ್ಲ.

ನಡೆದದ್ದನ್ನು ಕ್ರಮವಾಗಿ ಹೇಳುತ್ತೇನೆ. ನನಗೆ ಬರುವ ವಿದ್ಯೆ ಅದೊಂದೇ.

ಅಲ್ಲಿ ನೀರೆತ್ತುವ ಪಂಪುಗಳಿಗೆ ಉಕ್ಕಿನ ಉಂಗುರ ಮಾಡುತ್ತಿದ್ದರು. ಒಂದೊಂದನ್ನೂ ಬೆಳಕಿಗೆ ಹಿಡಿದು, ಗೀರು, ಬಿರುಕು ಇದ್ದವನ್ನು ಬೇರೆ ಮಾಡಲು ಆರು ಹೆಂಗಸರಿದ್ದರು. ಅವರಲ್ಲಿ ಹಿರಿಯರು ಜಯಮ್ಮ. ಅದೇ ಕೆಲಸವನ್ನು ಮಾಡುವ, ಕೃತಕ ಬುದ್ಧಿಮತ್ತೆಯ ಕ್ಯಾಮೆರಾ ನೀವು ತಂದದ್ದು. ಅದು ಉಳಿದರೆ ಹೆಂಗಸರು ಹೊರಗೆ. ಸಂಘದವರು ಗೇಟಿನ ಮುಂದೆ ಕೂತರು, ಶಾಸಕರು ಬಂದು ಭಾಷಣ ಮಾಡಿದರು, ಪ್ರಗತಿ ಬೇಡವೇ ಎಂದು ಮಾಲೀಕರು ಕೇಳಿದರು. ಕೊನೆಗೆ ಎಲ್ಲರೂ ಒಂದು ಮಾತಿಗೆ ಬಂದರು: ಆಯುಧಪೂಜೆಯ ರಜೆ ಮುಗಿದು ಕಾರ್ಖಾನೆ ತೆರೆದ ದಿನ, ಕಾರ್ಮಿಕ ಇಲಾಖೆಯವರ ಎದುರಿಗೆ ಪರೀಕ್ಷೆ. ಜಯಮ್ಮ ಆರಿಸಿಟ್ಟ ಒಂದು ತಟ್ಟೆ ಉಂಗುರಗಳನ್ನು ಕ್ಯಾಮೆರಾವೂ ಸರಿಯಾಗಿ ಆರಿಸಿದರೆ ಅದು ಉಳಿಯುತ್ತದೆ, ಇಲ್ಲದಿದ್ದರೆ ಹೆಂಗಸರು.

ಪೂಜೆಯ ದಿನ ನಾನು ಅತಿಥಿಯಾಗಿದ್ದೆ. ಅಷ್ಟು ಸಂತೋಷದ ದಿನ ಆ ಶೆಡ್ಡುಗಳಿಗೆ ವರ್ಷಕ್ಕೊಂದೇ. ಎಣ್ಣೆ ಮೆತ್ತಿದ ನೆಲವನ್ನು ಉಜ್ಜಿ ತೊಳೆದು ರಂಗೋಲಿ ಬಿಟ್ಟಿದ್ದರು. ಲೇತ್‌ಗಳಿಗೆ ಬಾಳೆಕಂದು, ಚೆಂಡುಹೂವು. ವಿಜಯಪುರ ಕಡೆಯ ಕೆಲಸಗಾರರು ಫೋರ್ಕ್‌ಲಿಫ್ಟ್ ಗಾಡಿಗೆ ಬಾಸಿಂಗ ಕಟ್ಟಿ ಮದುಮಗನ ಹಾಗೆ ನಿಲ್ಲಿಸಿದ್ದರು. “ಈ ವರಕ್ಕ ಒಂದು ಕನ್ಯಾ ಬೇಕಾಗ್ಯದ್ರಿ ಸರ್, ಪೇಪರ್‌ನ್ಯಾಗ ಹಾಕ್ರಿ!” ಎಂದು ಒಬ್ಬ ಕೂಗಿದ.

ನೀವು ಹಬ್ಬಕ್ಕೆಂದು ಕುಂದಲಹಳ್ಳಿಯ ಮನೆಗೆ ಹೋಗಿದ್ದಿರಿ. ಹೋಗುವ ಮೊದಲು ಕ್ಯಾಮೆರಾದ ಪೆಟ್ಟಿಗೆಗೆ ನೀವೇ ಹೂವು ಮುಡಿಸಿ ಒಂದು ಚೀಟಿ ಅಂಟಿಸಿದ್ದಿರಿ — ‘ಗಾಜು ಮುಟ್ಟಬೇಡಿ’.

ಎಲ್ಲ ಯಂತ್ರಕ್ಕೂ ಅತಿಥಿಯ ಕೈಯಿಂದಲೇ ಕುಂಕುಮ ಇಡಿಸುವುದು ಅಲ್ಲಿಯ ಪದ್ಧತಿ. ತಟ್ಟೆ ಹಿಡಿದು ಒಂದೊಂದಕ್ಕೂ ಬೊಟ್ಟಿಡುತ್ತ ನಿಮ್ಮ ಕ್ಯಾಮೆರಾದ ಮುಂದೆ ಬಂದೆ.

“ಇದಕ್ಕೆ ಬೇಡ ಬಿಡಿ, ಚೀಟಿ ಹಾಕಿದಾರೆ,” ಎಂದೆ.

“ಎಲ್ಲಾದಕ್ಕೂ ಇಟ್ಟು ಇದಕ್ಕೊಂದ್ ಬಿಟ್ರೆ ಮುನಿಸ್ಕೊಳಲ್ವಾ ಸಾರ್?” ಎಂದರು ಜಯಮ್ಮ. ತಮ್ಮ ಕೆಲಸಕ್ಕೇ ಬಂದು ಕೂತ ಯಂತ್ರ ಅದು! “ಹೊಸ ಸೊಸೆ ಬಂದವ್ಳೆ. ಕುಂಕುಮ ಇಡ್ದೆ ಒಳಗೆ ಕರ್ಕೊತಾರಾ?”

“ಇದಕ್ಕೆ ಹಣೆ ಎಲ್ಲಿದೆ ಜಯಮ್ಮ?”

“ಕಣ್ಣಿನ್ ಮೇಲ್ಗಡೆ ಇರೋದೇ ಹಣೆ. ನಿಮಗೂ ಅಷ್ಟೇ, ಅದಕ್ಕೂ ಅಷ್ಟೇ.”

ಎಲ್ಲರೂ ನಕ್ಕರು. ನಾನೂ ನಗುತ್ತಲೇ ಗಾಜಿನ ಮೇಲಿದ್ದ ತಗಡಿಗೆ ಬೊಟ್ಟಿಟ್ಟೆ. ಎಣ್ಣೆಯಲ್ಲಿ ಕಲಸಿದ ಕುಂಕುಮ — ಒಂದು ಹನಿ ಗಾಜಿನ ಮೇಲೆ ಇಳಿಯಿತು. ಕರವಸ್ತ್ರದಿಂದ ಒರೆಸಿದೆ. ಹೋಯಿತು ಅಂದುಕೊಂಡೆ. ಹೋಗಿರಲಿಲ್ಲ, ಹರಡಿತ್ತು.

ಪರೀಕ್ಷೆಯ ದಿನ ಮೊದಲ ಉಂಗುರಕ್ಕೆ ಕೆಂಪು ದೀಪ. ಎರಡನೆಯದಕ್ಕೂ ಕೆಂಪು. ಒಳ್ಳೆಯದು, ಕೆಟ್ಟದ್ದು ಎನ್ನದೆ ಕ್ಯಾಮೆರಾ ಎಲ್ಲವನ್ನೂ ತಿರಸ್ಕರಿಸಿತು. “ಯಾವ್ದನ್ನೂ ಒಪ್ತಿಲ್ವಲ್ಲೋ, ನಮ್ಮತ್ತೆ ತರ!” ಎಂದು ಹಿಂದಿನಿಂದ ಯಾರೋ ಅಂದರು. ಇಲಾಖೆಯವರೂ ನಕ್ಕರು. ನೀವು ಲ್ಯಾಪ್‌ಟಾಪ್ ಮೇಲೆ ಬಗ್ಗಿದ್ದಿರಿ. ಪಕ್ಕದಲ್ಲಿದ್ದ ನನಗೆ ಕಿಟಕಿಯ ಓರೆ ಬೆಳಕಿನಲ್ಲಿ ಗಾಜು ಕಂಡಿತು. ಅದರ ಮೇಲೆ ತೆಳ್ಳನೆಯ ಕೆಂಪು ಪೊರೆ — ನನ್ನ ಕರವಸ್ತ್ರ ಎಳೆದ ಅಡ್ಡಗೀರುಗಳ ಸಮೇತ.

ಆಗ ಬಾಯಿ ಬಿಡಬೇಕಿತ್ತು. ಒಂದೇ ವಾಕ್ಯ. ಆದರೆ ಆರು ಹೆಂಗಸರು ಆಗಲೇ ಒಬ್ಬರ ಕೈ ಒಬ್ಬರು ಹಿಡಿದುಕೊಂಡು —

ಎಲ್ಲರೂ ಕೇಸರಿಬಾತಿನ ಕಡೆ ಹೋದ ಮೇಲೆ ಜಯಮ್ಮ ಹಿಂತಿರುಗಿ ಬಂದು, ಸೆರಗಿನಿಂದ ಗಾಜನ್ನು ಒರೆಸಿ ಹೋದರು. ಅದನ್ನೂ ಕಂಡೆ. ಆಮೇಲೆ ನೀವು ಬಿಚ್ಚಿ ನೋಡಿದಾಗ ಗಾಜು ಶುಭ್ರವಾಗಿತ್ತು.

ಸಂಜೆ ನೀವು ಫೋನ್ ಮಾಡಿದಿರಿ. “ಸಾರ್, ಫೇಲ್ ಅಂತ ಬರೀಬೇಡಿ ಪ್ಲೀಸ್. ಎರಡು ದಿನ ಕೊಡಿ, ಯಾಕೆ ಹೀಗಾಯ್ತು ಅಂತ ಕಂಡುಹಿಡೀತೀನಿ.”

“ನಾನು ಕಂಡಿದ್ದನ್ನಷ್ಟೇ ಬರೆಯೋದು, ಮೇಡಂ,” ಎಂದೆ.

ಕಂಡದ್ದರಲ್ಲಿ ಅರ್ಧ ಬರೆದೆ.

ಹೆಂಗಸರ ಕೆಲಸ ಉಳಿಯಿತು. ಸಿಹಿ ಹಂಚಿದರು, ನಾನೂ ತಿಂದೆ, ಸಂತೋಷವಾಯಿತು — ಆ ಸಂತೋಷ ಸುಳ್ಳಲ್ಲ, ಇಂದಿಗೂ ನೆನೆದರೆ ನಗು ಬರುತ್ತದೆ. ಯಂತ್ರ ಈಗ ಸರಿಯಾಗಿ ನೋಡುತ್ತಿದೆ ಎಂದು ನೀವು ಎಷ್ಟು ಹೇಳಿದರೂ ಮರುಪರೀಕ್ಷೆಗೆ ಯಾರೂ ಒಪ್ಪಲಿಲ್ಲ. ಕಾರ್ಖಾನೆ ನಿಮ್ಮ ಆರ್ಡರ್ ರದ್ದು ಮಾಡಿತು. ಕಾರಣ ಸಿಗದೆಯೇ ನೀವು ಆ ಕೆಲಸ ಬಿಟ್ಟಿರೆಂದು ಕೇಳಿದೆ. ನನ್ನ ವರದಿ ಮಾತ್ರ ಊರೂರು ಸುತ್ತಿತು. ಕಳೆದ ವರ್ಷ ವೈಟ್‌ಫೀಲ್ಡಿನ ಸಭಾಂಗಣವೊಂದರಲ್ಲಿ ಯಂತ್ರ ಮತ್ತು ನೈತಿಕತೆಯ ಚರ್ಚೆ. ಪ್ರಾಧ್ಯಾಪಕರೊಬ್ಬರು “ಪೀಣ್ಯದಲ್ಲಿ ಏನಾಯ್ತು ನೋಡಿ” ಎಂದು ಅದನ್ನೇ ಎತ್ತಿ ಹೇಳಿದರು. ಸಭೆ ಚಪ್ಪಾಳೆ ತಟ್ಟಿತು. ಮೂರನೆಯ ಸಾಲಿನಲ್ಲಿ ಕೂತು ನಾನೂ ತಟ್ಟಿದೆ.

ಯಂತ್ರ ಸರಿಯಾಗಿಯೇ ನೋಡುತ್ತದೆ, ಆದರೂ ಈ ಆರು ಮಂದಿಯನ್ನು ಉಳಿಸಿಕೊಳ್ಳಬೇಕೇ — ಮಾಲೀಕರು, ಸಂಘ, ಶಾಸಕರು, ಓದುಗರು ಎದುರಿಸಬೇಕಾಗಿದ್ದ ಪ್ರಶ್ನೆ ಅದು. ಬೇಕು ಎಂಬುದೇ ನನ್ನ ಉತ್ತರವಾಗಿತ್ತು. ಅದನ್ನು ವಾದಿಸಿ ಗೆಲ್ಲುವ ಅವಕಾಶವನ್ನು ಜಯಮ್ಮನವರಿಂದಲೂ ಕಸಿದುಕೊಂಡೆ. ಸೋತರೂ ಏಕೆ ಸೋತೆ ಎಂದು ತಿಳಿಯುವ ಹಕ್ಕನ್ನು ನಿಮ್ಮಿಂದ.

ಕಳೆದ ವಾರ ಜಯಮ್ಮ ನಿವೃತ್ತರಾದರು. ಹಾರ, ಶಾಲು, ಮೈಕ್ ಹಿಡಿದು ಹಾಡು — ಶೆಡ್ಡಿಗೆ ಮತ್ತೊಮ್ಮೆ ಹಬ್ಬ ಬಂದಿತ್ತು. ಹೊರಡುವಾಗ ನನ್ನನ್ನು ಪಕ್ಕಕ್ಕೆ ಕರೆದರು.

“ಅವತ್ತು ನಾನು ಗಾಜು ಒರ್ಸಿದ್ದು ನೀವು ನೋಡಿದ್ರಿ ಅಲ್ವಾ ಸಾರ್?”

“ನೋಡಿದೆ. ಕುಂಕುಮ ನಿಮಗೆ ಯಾವಾಗ ಕಾಣಿಸ್ತು?”

“ಮೊದಲ್ನೇ ಕೆಂಪು ದೀಪಕ್ಕೇ! ನೋಡೋದೇ ಅಲ್ವಾ ನನ್ ಕೆಲ್ಸ?” ಎಂದು ನಕ್ಕರು. ನಗು ನಿಂತ ಮೇಲೆ ಕೇಳಿದರು: “ಆ ಹುಡ್ಗಿಗೆ ಹೇಳಿದ್ರಾ?”

“ಇಲ್ಲ.”

“ಅದಾದ್ಮೇಲೆ ಹದಿನೈದು ದಿನ ಆ ಮಗು ಊಟ ಬಿಟ್ಟು ಇಲ್ಲೇ ಕಂಪ್ಯೂಟ್ರು ಮುಂದೆ ಕೂತಿತ್ತು. ನನ್ ಡಬ್ಬಿಲಿ ಅವ್ಳಿಗೂ ಚಿತ್ರಾನ್ನ ತರ್ತಿದ್ದೆ. ಕೊಡೋವಾಗ್ಲೆಲ್ಲ ಹೇಳ್ಬೇಕು ಅಂತಿದ್ದೆ, ಬಾಯೇ ಬರ್ಲಿಲ್ಲ. ಬರ್ದುಬಿಡಿ ಸಾರ್. ನನ್ನೆಸ್ರೂ ಹಾಕಿ. ಇನ್ ಯಾರ್ ತೆಗೀತಾರೆ ನನ್ನ ಕೆಲ್ಸದಿಂದ?”

ಅವರು ಹಾರದ ಸಮೇತ ಆಟೋ ಹತ್ತಿದರು. ಅವರ ಧೈರ್ಯ ಅವರದು. ಅದರ ಮರೆಯಲ್ಲಿ ನಾನು ನಿಲ್ಲುವುದಿಲ್ಲ. ಕುಂಕುಮ ಇಟ್ಟವನು ನಾನು, ಕಂಡೂ ಬರೆಯದೆ ಬಿಟ್ಟವನೂ ನಾನೇ.

ತಿದ್ದುಪಡಿಯನ್ನು ಇಂದು ಬೆಳಿಗ್ಗೆ ಸಂಪಾದಕರ ಮೇಜಿನ ಮೇಲಿಟ್ಟು ಬಂದೆ. ನಿಮ್ಮ ಕ್ಷಮೆ ಅದರಲ್ಲಿ ಕೇಳಿಲ್ಲ; ಅದು ನೀವು ಕೊಟ್ಟರೆ ಸಿಗುವುದು, ಕೇಳಿದರೆ ಅಲ್ಲ. ಅಚ್ಚಾಗುವ ಮೊದಲು ನೀವೇ ಓದಬೇಕು ಎಂದು ಇಲ್ಲಿ ಬರೆಯುತ್ತಿದ್ದೇನೆ:

‘ಪೀಣ್ಯದ ಪರೀಕ್ಷೆಯಲ್ಲಿ ಯಂತ್ರ ವಿಫಲವಾಗಿರಲಿಲ್ಲ. ಅದರ ಗಾಜಿನ ಮೇಲೆ ಕುಂಕುಮವಿತ್ತು. ಮೆತ್ತಿದವರು ನಮ್ಮ ವರದಿಗಾರರು. ಅವರಿಗೆ ಅದು ಅಂದೇ ಗೊತ್ತಿತ್ತು.’