ಉಗುರಿಲ್ಲದ ಹೆಬ್ಬೆರಳು

ಅಕ್ಕನ ಬಲಗೈ ಹೆಬ್ಬೆರಳಿಗೆ ಉಗುರಿರಲಿಲ್ಲ. ಉಗುರಿರಬೇಕಾದ ಜಾಗದಲ್ಲಿ ನುಣ್ಣಗೆ ಹೊಳೆಯುವ ಗುಲಾಬಿ ಚರ್ಮ ಇತ್ತು. ಆ ಬೆರಳಿನಿಂದಲೇ ಸಾಸಿವೆಗಿಂತ ಸಣ್ಣ ಸ್ಕ್ರೂಗಳನ್ನು ಒತ್ತಿ ಎತ್ತಿ ಇಡ್ಲಿ ತಟ್ಟೆಯ ಗುಳಿಗಳಿಗೆ ಹಾಕುತ್ತಿದ್ದಳು. ಒಂದು ಗುಳಿಗೆ ಒಬ್ಬ ಗಿರಾಕಿಯ ಸಾಮಾನು. ಉಗುರು ಏನಾಯ್ತು ಅಂತ ಕೇಳಿದವರಿಗೆಲ್ಲ ಒಂದೊಂದು ಕತೆ ಹೇಳುತ್ತಿದ್ದಳು. ಶಾಲೆ ಮಕ್ಕಳಿಗೆ, "ಇಲಿ ತಿಂದ್ಬಿಡ್ತು." ಕಾಲೇಜು ಹುಡುಗರಿಗೆ, "ಬ್ಯಾಟರಿ ಊದ್ಕೊಂಡಿತ್ತು ಗುರು, ಬಿಚ್ಚೋಕೆ ಹೋದೆ, ಢಮಾರ್! ನೀವೂ ಹಂಗೇ ದಿಂಬಿನ ಕೆಳಗೆ ಚಾರ್ಜಿಗೆ ಹಾಕ್ಕೊಂಡು ಮಲ್ಕೊಳ್ಳಿ, ಕಿವಿ ಹೋಗುತ್ತೆ." ನನಗೆ ಮಾತ್ರ ಯಾವ ಕತೆಯನ್ನೂ ಹೇಳಲಿಲ್ಲ. ಕೇಳಿದಾಗೆಲ್ಲ "ಟಾರ್ಚ್ ಸರಿಯಾಗಿ ಹಿಡಿ" ಅಂತ ಮಾತು ತಿರುಗಿಸುತ್ತಿದ್ದಳು.

ಅವಳು ನನಗೆ ಒಡಹುಟ್ಟಿದ ಅಕ್ಕ ಅಲ್ಲ. ದೊಡ್ಡಬಳ್ಳಾಪುರದ ಬಸ್ ಸ್ಟ್ಯಾಂಡ್ ಹಿಂದಿನ ಗಲ್ಲಿಯಲ್ಲಿ, ಎರಡು ಮಗ್ಗದ ಶೆಡ್ಡುಗಳ ನಡುವೆ, ಮೊಬೈಲ್ ರಿಪೇರಿ ಅಂಗಡಿ ಇಟ್ಟುಕೊಂಡಿದ್ದವಳು. ಎರಡೂ ಕಡೆಯಿಂದ ಮಗ್ಗದ ಸದ್ದು ಬೆಳಗಿಂದ ಸಂಜೆವರೆಗೂ ಬಡಿಯುತ್ತಿತ್ತು. ಆ ಗಲ್ಲಿಯಲ್ಲಿ ಕಿರುಚಿದರೂ ಮಾತಾಡಿದಷ್ಟೇ ಕೇಳಿಸುತ್ತಿತ್ತು. ಈ ಮಾತು ನೆನಪಿರಲಿ, ಮುಂದೆ ಬೇಕಾಗುತ್ತೆ.

ಅಂಗಡಿ ಮುಂದೆ ಒಂದು ಕಪ್ಪು ಹಲಗೆ ತೂಗುಹಾಕಿದ್ದಳು. ಅದರ ಮೇಲೆ ದಿನಕ್ಕೊಂದು ಬುದ್ಧಿಮಾತು ಸೀಮೆಸುಣ್ಣದಲ್ಲಿ ಬರೆಯುತ್ತಿದ್ದಳು. "ಓಟಿಪಿ ಕೇಳುವವನು ನಿಮ್ಮ ಅಳಿಯನೇ ಆದರೂ ಕೊಡಬೇಡಿ." "ಫೋನ್ ನೀರಿಗೆ ಬಿದ್ದರೆ ಅಕ್ಕಿ ಡಬ್ಬಿಗೆ ಹಾಕಬೇಡಿ, ಅಕ್ಕಿಯೂ ಹಾಳು, ಫೋನೂ ಹಾಳು." "ಹಳೇ ಕಂಪ್ಯೂಟರ್ ನಿಧಾನವಾದರೆ ಬಿಸಾಕಬೇಡಿ, ಮೊದಲು ಒಳಗಿನ ಧೂಳು ಊದಿಸಿ." ಬಸ್ಸಿಗೆ ಕಾಯುವವರು ಪೇಪರ್ ಓದುವ ಹಾಗೆ ಬಂದು ಓದಿ ಹೋಗುತ್ತಿದ್ದರು. ಯಾವನೋ ಒಬ್ಬ ಹುಡುಗ ಬಂದು ನೂರೆಂಟು ಮೆಗಾಪಿಕ್ಸೆಲ್ ಕ್ಯಾಮೆರಾ ಫೋನೇ ಬೇಕು ಅಂತ ಹಟ ಹಿಡಿದರೆ, "ಎಷ್ಟು ಪಿಕ್ಸೆಲ್ ಹಾಕಿದ್ರೂ ಮುಖ ಅದೇ ಅಲ್ವಾ ಗುರು?" ಅನ್ನುತ್ತಿದ್ದಳು. ಹೆಂಗಸರು ಕೇಳಿದರೆ ಮಾತ್ರ ಅವಳ ಲೆಕ್ಕವೇ ಬೇರೆ. "ಬ್ಯಾಟರಿ ಆಮೇಲೆ ನೋಡು, ಬಣ್ಣ ಆಮೇಲೆ ನೋಡು. ಮೊದ್ಲು ಕ್ಯಾಮೆರಾ. ಪಕ್ಕದ ಬಟನ್ ಎರಡು ಸಲ ಒತ್ತಿದ್ರೆ ಕ್ಯಾಮೆರಾ ತೆಗೀಬೇಕು, ಅಂಥದ್ದು ತಗೊ." ಆಗ ನನಗೆ ಇದು ವಿಚಿತ್ರ ಅನ್ನಿಸಿತ್ತು.

ನಾನು ಮೊದಲ ಸಲ ಹೋದಾಗ ನನ್ನ ಫೋನಿನ ಗಾಜು ಪುಡಿಯಾಗಿತ್ತು. "ಕೈ ಜಾರಿ ಬಿತ್ತು" ಅಂದೆ. ಅಕ್ಕ ಅದನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿದಳು. ಆಮೇಲೆ ಟ್ರೇಯಿಂದ ಇನ್ನೊಂದು ಒಡೆದ ಫೋನ್ ತೆಗೆದು ಪಕ್ಕದಲ್ಲಿಟ್ಟಳು.

"ಇದು ನೋಡು, ಬಿದ್ದಿರೋದು. ಬಿದ್ರೆ ಮೂಲೆ ಮೊದ್ಲು ನೆಲ ಮುಟ್ಟುತ್ತೆ, ಬಿರುಕು ಅಲ್ಲಿಂದ ಶುರುವಾಗುತ್ತೆ. ನಿಂದು ಸರೀ ನಡುವೆ ಏಟು ತಿಂದಿದೆ. ಗೋಡೆಗೆ ಬಡಿದ್ರೆ ಹಿಂಗಾಗೋದು. ಕೈ ಜಾರಿದ ಫೋನ್ ಗೋಡೆಗೆ ಹೋಗಲ್ಲ ಕಣಮ್ಮ."

ನನಗೆ ಕೋಪ ನೆತ್ತಿಗೇರಿತು. "ರಿಪೇರಿ ಮಾಡ್ತೀಯೋ ಇಲ್ಲ ಪಂಚಾಯ್ತಿ ಮಾಡ್ತೀಯೋ?" ಅಂತ ರೇಗಿದೆ. ಅಕ್ಕ ಬಾಯಿಬಿಟ್ಟು ನಕ್ಕಳು. "ಇಷ್ಟು ಬಾಯಿ ಇದ್ಯಲ್ಲ, ಮನೇಲಿ ಯಾಕೆ ಮುಚ್ಕೊಂಡಿರ್ತೀಯ?" ಅಂದಳು. ನಾನು ದುಡ್ಡು ಎಣಿಸಿ ಕೌಂಟರ್ ಮೇಲಿಟ್ಟೆ. ಅವಳೂ ಮತ್ತೆ ಕೇಳಲಿಲ್ಲ.

ನಿಜ ಏನೆಂದರೆ ನನ್ನ ಗಂಡ ಹೊಡೆಯುತ್ತಿದ್ದ. ತೂಬಗೆರೆ ಕಡೆಯ ಮನೆತನ, ಜಮೀನು ಇತ್ತು, ಸೈಟು ಕೊಡಿಸುವ ಬ್ರೋಕರ್ ಕೆಲಸ ಬೇರೆ. ಮೊದಲು ಫೋನಿಗೆ ಹೊಡೆಯುತ್ತಿದ್ದ, ಆಮೇಲೆ ನನಗೆ. ಬೆಲ್ಟು, ಹೆಲ್ಮೆಟ್ಟು, ಕೈಗೆ ಏನು ಸಿಕ್ಕರೆ ಅದು. ಮಗಳು ನಾಲ್ಕು ವರ್ಷದವಳು, ಅವನ ಗಾಡಿ ಸದ್ದು ಕೇಳಿದರೆ ಮಂಚದ ಕೆಳಗೆ ಹೋಗಿ ಕೂರುತ್ತಿದ್ದಳು. ಒಂದು ಸಲ ನನ್ನ ಪಕ್ಕೆಲುಬು ಮುರಿದಾಗ ಆಸ್ಪತ್ರೆಯಲ್ಲಿ ಅತ್ತೆ ಪಕ್ಕದಲ್ಲೇ ನಿಂತಿದ್ದರು, ನಾನು ಡಾಕ್ಟರಿಗೆ "ಮೆಟ್ಟಿಲ ಮೇಲಿಂದ ಬಿದ್ದೆ" ಅಂದುಬಿಟ್ಟೆ. ಹಾಗೇ ಚೀಟಿಯಲ್ಲಿ ಬರೆದರು. ಥೂ, ಆ ಒಂದು ಮಾತಿಗೆ ನನ್ನ ನಾಲಗೆಯನ್ನೇ ಕಿತ್ತು ಹಾಕಬೇಕು ಅನ್ನಿಸುತ್ತೆ ಈಗಲೂ.

ಮೂರನೇ ಫೋನ್ ಒಡೆದುಕೊಂಡು ಹೋದ ದಿನ ನನ್ನ ತುಟಿ ಊದಿತ್ತು. ಅಕ್ಕ ಈ ಸಲ ಫೋನ್ ನೋಡಲೇ ಇಲ್ಲ, ನನ್ನ ಮುಖ ನೋಡಿದಳು. ಹೊಸ ಗಾಜು ಹಾಕಿ, ಕ್ಯಾಮೆರಾ ಬಟನ್ ಸರಿ ಮಾಡಿ, "ಇನ್ನೊಂದ್ಸಲ ಕೈ ಎತ್ತಿದ್ರೆ ವಿಡಿಯೋ ಮಾಡು. ಬ್ಯಾಕಪ್ ಆನ್ ಮಾಡಿದ್ದೀನಿ. ಅವನು ಫೋನ್ ಪುಡಿ ಮಾಡಿದ್ರೂ ವಿಡಿಯೋ ಹೋಗಲ್ಲ, ಮೇಲೆ ಇಂಟರ್ನೆಟ್ಟಲ್ಲಿ ಹೋಗಿ ಕೂತಿರುತ್ತೆ" ಅಂದಳು. ನಾನು ನಂಬಿದೆ.

ಒಂದು ಭಾನುವಾರ ಫೋನನ್ನು ರಾಗಿ ಡಬ್ಬಿಗೆ ಒರಗಿಸಿಟ್ಟೆ. ಸಾರಿಗೆ ಉಪ್ಪು ಕಮ್ಮಿ ಅಂತ ಅವನು ನನ್ನ ಕೂದಲು ಹಿಡಿದು ಒಲೆಯ ಕಟ್ಟೆಗೆ ತಲೆ ಗುದ್ದಿದ್ದು, ಹೊಟ್ಟೆಗೆ ಒದ್ದಿದ್ದು, ಮಗಳು ಬಂದು ಅವನ ಕಾಲು ಹಿಡಿದುಕೊಂಡಿದ್ದು, ಅವಳನ್ನೂ ಕಾಲಿಂದ ತಳ್ಳಿದ್ದು, ಎಲ್ಲಾ ಅದರಲ್ಲಿ ಬಂತು. ಮರುದಿನ ಮಧ್ಯಾಹ್ನ ಅವನು ಬಿರುಗಾಳಿ ಹಾಗೆ ಮನೆಗೆ ನುಗ್ಗಿದ. ಕೈಯಲ್ಲಿ ಅವನ ಫೋನು. ಅದರಲ್ಲಿ ನಾನು ತೆಗೆದ ವಿಡಿಯೋ ಓಡುತ್ತಿತ್ತು.

"ಏನೇ, ಸಿನಿಮಾ ತೆಗೀತಿದೀಯಾ ನಂದು?"

ನನ್ನ ಫೋನನ್ನು ನೆಲಕ್ಕೆ ಹಾಕಿ ರುಬ್ಬುವ ಗುಂಡಿನಿಂದ ಜಜ್ಜಿದ. ಅವನ ಫೋನಿನಲ್ಲಿದ್ದದ್ದನ್ನು ನನ್ನ ಕಣ್ಣೆದುರೇ ಅಳಿಸಿದ. ಆಮೇಲೆ ಅದೇ ಗುಂಡನ್ನು ನನ್ನ ಕಡೆ ಎತ್ತಿದ. ತಲೆ ತಪ್ಪಿಸಿಕೊಂಡೆ, ಭುಜಕ್ಕೆ ಬಿತ್ತು. ಹಿತ್ತಲ ಬಾಗಿಲಿಂದ ಓಡಿದೆ. ಓಡುವಾಗ ಫೋನಿನ ಚೂರುಗಳನ್ನು ಯಾಕೆ ಸೆರಗಿನಲ್ಲಿ ಬಾಚಿಕೊಂಡೆನೋ, ಆ ಬುದ್ಧಿ ಯಾರು ಕೊಟ್ಟರೋ ಗೊತ್ತಿಲ್ಲ. ಮಗಳು ಒಳಗೇ ಉಳಿದಳು.

ಕುಂದಾಣದ ಹತ್ತಿರ ನನ್ನ ತವರು. ಅಲ್ಲಿಂದ ಕೇಸು ಹಾಕಿದೆ. ಅವನ ಕಡೆಯ ವಕೀಲರು ಆಸ್ಪತ್ರೆ ಚೀಟಿ ತೋರಿಸಿ, ಇವಳು ಯಾವಾಗಲೂ ಬೀಳುತ್ತಿರುತ್ತಾಳೆ, ತಲೆ ಸರಿಯಿಲ್ಲ, ಮಗು ಇವಳ ಕೈಗೆ ಕೊಟ್ಟರೆ ಅಪಾಯ ಅಂದರು. ಆ ವಿಡಿಯೋ ಇಲ್ಲದಿದ್ದರೆ ಮಗಳು ನನ್ನ ಕೈ ತಪ್ಪುತ್ತಿದ್ದಳು, ಅಷ್ಟೇ.

ಚೂರುಗಳ ಗಂಟು ತಗೊಂಡು ಅಕ್ಕನ ಹತ್ತಿರ ಹೋದೆ. ಬಾಯಿಗೆ ಬಂದ ಹಾಗೆ ಬೈದೆ. "ಮೇಲೆ ಹೋಗಿ ಕೂತಿರುತ್ತೆ ಅಂದ್ಯಲ್ಲ! ನೆಟ್ಟಗೆ ಅವನ ಫೋನಿಗೇ ಹೋಗಿ ಕೂತಿತ್ತಲ್ಲ!" ಅಕ್ಕ ಗಂಟು ಬಿಚ್ಚಿ ಚೂರುಗಳನ್ನು ಮೇಜಿನ ಮೇಲೆ ಹರಡಿದಳು. ಆಮೇಲೆ ಒಂದೇ ಪ್ರಶ್ನೆ ಕೇಳಿದಳು. "ಈ ಫೋನ್ ತಂದಾಗ ಮೇಲ್ ಐಡಿ ಹಾಕಿದ್ದು ಯಾರು?"

ಅವನೇ ಹಾಕಿದ್ದ. ನಿನಗೆ ಇದೆಲ್ಲ ತಿಳಿಯಲ್ಲ ಕೊಡು ಅಂತ ಕಿತ್ಕೊಂಡು ಅವನ ಮೇಲ್ ಐಡಿಯನ್ನೇ ಹಾಕಿದ್ದ. ನಮ್ಮ ಕಡೆ ಹೆಂಗಸರ ಫೋನೆಲ್ಲ ಹಾಗೇ ತಾನೇ, ಗಂಡನದೋ ಅಣ್ಣನದೋ ಮೈದುನನದೋ ಐಡಿ ಇರುತ್ತೆ. ಅಕ್ಕ ಬ್ಯಾಕಪ್ ಆನ್ ಮಾಡಿದ್ದಳು, ಅದು ಯಾರ ಹೆಸರಲ್ಲಿದೆ ಅಂತ ನೋಡಿರಲಿಲ್ಲ. ನನ್ನ ಫೋನಿಗೆ ಬಿದ್ದದ್ದೆಲ್ಲ ಅವನ ಫೋನಿಗೆ ಹೋಗುವ ದಾರಿಯನ್ನು ಅವಳೇ ತೆರೆದುಕೊಟ್ಟಿದ್ದಳು.

"ತಪ್ಪು ನಂದು ಕಣೇ," ಅಂದಳು. ಅವಳ ಬಾಯಿಂದ ಆ ಮಾತು ನಾನು ಕೇಳಿದ್ದು ಅದೊಂದೇ ಸಲ. ಮಾರನೇ ದಿನ ಹಲಗೆಯ ಮೇಲೆ ಹೀಗೆ ಬರೆದಿತ್ತು: "ಅಕ್ಕತಂಗಿಯರೇ, ನಿಮ್ಮ ಫೋನಿನಲ್ಲಿ ಯಾರ ಮೇಲ್ ಐಡಿ ಇದೆ ಅಂತ ಇವತ್ತೇ ನೋಡಿ. ಗೊತ್ತಾಗದಿದ್ದರೆ ಒಳಗೆ ಬನ್ನಿ. ಕಾಸು ಬೇಡ." ಒಂದು ವರ್ಷ ಆ ಹಲಗೆಯನ್ನು ಅವಳು ಒರೆಸಲಿಲ್ಲ.

ನನ್ನ ಫೋನ್ ಬಿಚ್ಚಿದಳು. ಗಾಜು, ಚೌಕಟ್ಟು ಎಲ್ಲ ಹೋಗಿತ್ತು. ಒಳಗಿನ ಬೋರ್ಡು, ಎರಡು ಬೆರಳಗಲದ ಹಸಿರು ಹಾಳೆಯಂಥದ್ದು, ಒಂದು ಮೂಲೆ ಮಾತ್ರ ಬಾಗಿತ್ತು. "ಫೋನಿನ ಜೀವ ಇರೋದು ಇದರಲ್ಲಿ. ವಿಡಿಯೋನೂ ಇಲ್ಲೇ ಇದೆ. ಇದೇ ಮಾಡೆಲ್ಲಿನ ಇನ್ನೊಂದು ಫೋನ್ ಹುಡುಕ್ತೀನಿ, ಅದಕ್ಕೆ ಇದನ್ನ ಕೂರಿಸಿದ್ರೆ ಎದ್ದೇಳುತ್ತೆ" ಅಂದಳು. ಬೋರ್ಡನ್ನು ಇಡ್ಲಿ ತಟ್ಟೆಯಲ್ಲಿ, ಬೇರೆ ಗಿರಾಕಿಗಳ ಬೋರ್ಡುಗಳ ನಡುವೆ ಇಟ್ಟಳು. ಒಳಗೆ ಬೋರ್ಡಿಲ್ಲದ ಜಜ್ಜಿದ ಫೋನನ್ನು ಮತ್ತೆ ಜೋಡಿಸಿ, ಬ್ಯಾಟರಿಯನ್ನೂ ಕೂರಿಸಿ ಡ್ರಾಯರಿಗೆ ಹಾಕಿದಳು. ಖಾಲಿ ಫೋನ್ ಯಾಕೆ ಜೋಡಿಸ್ತೀಯ ಅಂತ ಕೇಳಿದೆ. "ಇರ್ಲಿ ಬಿಡು" ಅಂದಳು.

ಐದನೇ ದಿನ ಮಧ್ಯಾಹ್ನ ನಾನು ಅಂಗಡಿಯಲ್ಲಿದ್ದಾಗ ಗಲ್ಲಿಯ ತುದಿಯಲ್ಲಿ ನನ್ನ ಗಂಡ ಬರುವುದು ಕಾಣಿಸಿತು. ನಾನು ಅಲ್ಲಿಗೆ ಹೋಗಿಬರುವುದನ್ನು ಯಾರೋ ಹೇಳಿದ್ದರು. ಅಕ್ಕ ನನ್ನ ರಟ್ಟೆ ಹಿಡಿದು ಹಿಂದಿನ ಪರದೆಯೊಳಕ್ಕೆ ನೂಕಿದಳು. "ಹೊರಗೆ ಬಂದ್ಯೋ, ನಾನೇ ಕೊಲ್ತೀನಿ" ಅಂದಳು.

"ಅವಳ ಫೋನ್ ಎಲ್ಲೇ?" ಅಂತ ಅವನು ಕೌಂಟರ್ ಬಡಿದ.

"ಯಾರಪ್ಪಾ ಅವಳು? ಹೆಸರು ಹೇಳು, ರಸೀತಿ ತೋರ್ಸು."

ಅವನು ಕೌಂಟರ್ ಮೇಲೆ ಬಗ್ಗಿ ಅಕ್ಕನ ತುರುಬು ಹಿಡಿದು ಮುಖವನ್ನು ಗಾಜಿಗೆ ಗುದ್ದಿದ. ಒಂದು ಸಲ. ಗಾಜು ಬಿರಿಯಿತು. ಎರಡನೇ ಸಲಕ್ಕೆ ಪುಡಿಯಾಯಿತು. ಹುಬ್ಬು ಸೀಳಿ ರಕ್ತ ಸುರಿದು ಕಣ್ಣು ಮುಚ್ಚಿಹೋಯಿತು. ಅಕ್ಕ "ಗೊತ್ತಿಲ್ಲ" ಅಂದಳು. ಅವನು ಒಳಗೆ ಹಾರಿ ಅವಳ ಎಡಗೈ ಬೆನ್ನಿಗೆ ತಿರುಚಿದ. ಮುಂಗೈ ಮುರಿದ ಸದ್ದು ಮಗ್ಗದ ಸದ್ದಿನಲ್ಲೂ ನನಗೆ ಕೇಳಿಸಿತು. ಅಕ್ಕ ಕೂಗಿದಳು, ಯಾರೂ ಬರಲಿಲ್ಲ. ನಾನೂ ಹೋಗಲಿಲ್ಲ. ಪರದೆ ಹಿಂದೆ ಬಾಯಿಗೆ ಸೆರಗು ತುರುಕಿಕೊಂಡು ನಿಂತೇ ಇದ್ದೆ. ಇದನ್ನು ಬರೆಯೋಕೆ ನಾಚಿಕೆಯಾಗುತ್ತೆ, ಆದರೂ ಬರೆಯುತ್ತಿದ್ದೇನೆ.

"ಡ್ರಾಯರ್... ಡ್ರಾಯರಲ್ಲಿದೆ, ಬಿಡಪ್ಪಾ," ಅಂದಳು ಕೊನೆಗೆ.

ಅವನು ಅದನ್ನು ತಗೊಂಡು ಹೊರಗೆ ಓಡಿ, ಚರಂಡಿಯ ಕಲ್ಲಿನ ಮೇಲಿಟ್ಟು ಇಟ್ಟಿಗೆಯಿಂದ ಜಜ್ಜತೊಡಗಿದ. ಜಜ್ಜಿದ, ಜಜ್ಜಿದ. ಬ್ಯಾಟರಿ ಚುರ್ರೆಂದು ಹೊತ್ತಿಕೊಂಡು ಅವನ ಅಂಗೈ ಸುಟ್ಟಿತು. ಕೈ ಒದರಿಕೊಂಡು ಕುಣಿದ. ಹೊಗೆ ನೋಡಿ ಮಗ್ಗದವರು ಹೊರಗೆ ಬಂದರು, ಅಕ್ಕನ ರಕ್ತ ಸುರಿಯುವ ಮುಖ ಕಂಡು ಒಬ್ಬರಾದ ಮೇಲೊಬ್ಬರು ಅವನಿಗೆ ನಾಲ್ಕು ಬಿಟ್ಟರು. ನನಗೆ ಸಂತೋಷವಾಯಿತು. ಸುಳ್ಳು ಯಾಕೆ ಹೇಳಲಿ?

ಆಟೋದಲ್ಲಿ ಆಸ್ಪತ್ರೆಗೆ ಹೋಗುವಾಗ ಅಕ್ಕನ ತಲೆ ನನ್ನ ತೊಡೆ ಮೇಲಿತ್ತು. ನಾನು ಅಳುತ್ತಾ, "ಖಾಲಿ ಫೋನ್ ತಾನೇ, ಮೊದ್ಲೇ ಕೊಟ್ಬಿಡಬಾರದಿತ್ತಾ?" ಅಂದೆ.

"ಕೇಳಿದ ತಕ್ಷಣ ಕೊಟ್ಟಿದ್ರೆ ಅನುಮಾನ ಬರ್ತಿತ್ತು ಕಣೇ. ಬಿಚ್ಚಿ ನೋಡ್ತಿದ್ದ. ಅದಕ್ಕೇ ಏಟು ತಿಂದ್ಮೇಲೆ ಕೊಟ್ಟೆ. ಈಗ ನೋಡು, ಎಲ್ಲಾ ಮುಗೀತು ಅಂದ್ಕೊಂಡವ್ನೆ." ರಕ್ತ ತುಂಬಿದ ಬಾಯಲ್ಲಿ ನಕ್ಕಳು. ನನ್ನ ಹೆತ್ತವರು ಕೂಡ ನನಗೋಸ್ಕರ ಒಂದೇಟು ತಿಂದವರಲ್ಲ.

ಹುಬ್ಬಿಗೆ ಹೊಲಿಗೆ, ಕೈಗೆ ಪಟ್ಟಿ. ಅದೇ ಮಾಡೆಲ್ಲಿನ ಫೋನ್ ಸಿಕ್ಕಾಗ ಅವಳ ಎಡಗೈ ಇನ್ನೂ ಕತ್ತಿಗೆ ನೇತಾಡುತ್ತಿತ್ತು. "ಬಾ ಇಲ್ಲಿ, ನೀನೇ ಕೂರ್ಸು" ಅಂದಳು. ಅವಳು ಹೇಳಿದ ಹಾಗೆ ನಾನು ಬೋರ್ಡ್ ಇಟ್ಟೆ, ಸ್ಕ್ರೂ ತಿರುಗಿಸಿದೆ. ಸ್ಕ್ರೂ ಜಾರಿ ಬಿದ್ದರೆ "ಲೇ ಕತ್ತೆ, ಉಸಿರು ಬಿಟ್ಟು ಹಿಡಿ" ಅಂತ ಬೈದಳು. ನೆಟ್ ಸಿಕ್ಕಿದರೆ ಇದರಲ್ಲೂ ಅಳಿಸಿಹೋಗಬಹುದು ಅಂತ ಸಿಮ್ ಹಾಕದೆ ಬಟನ್ ಒತ್ತಿದೆವು. ಬೆಳಕು ಬಂತು. ಅಯ್ಯೋ ಶಿವನೇ, ಮಗಳ ಫೋಟೋ ಪರದೆ ಮೇಲೆ ಮೂಡಿತು. ಆ ವಿಡಿಯೋ ಹಾಗೇ ಇತ್ತು. ಈ ಕೆಲಸ ನಾನು ಕಲಿತದ್ದು ಆವತ್ತಿಂದ.

ಕೋರ್ಟಿನಲ್ಲಿ ಜಡ್ಜು ಅದನ್ನು ಪೂರ್ತಿ ನೋಡಿದರು. ಮಗಳನ್ನು ಕಾಲಿಂದ ತಳ್ಳುವ ಜಾಗ ಬಂದಾಗ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ನನ್ನ ಗಂಡನ ವಕೀಲರು ಮತ್ತೆ ಮೆಟ್ಟಿಲ ಮಾತು ಎತ್ತಲಿಲ್ಲ. ಮಗಳು ನನ್ನ ಕೈಗೆ ಬಂದಳು. ಅವನು ನಮ್ಮ ಹತ್ತಿರ ಸುಳಿಯಬಾರದು ಅಂತಲೂ ಆಯಿತು.

ಮಗಳೀಗ ಎರಡನೇ ಕ್ಲಾಸು. ಶಾಲೆ ಬಿಟ್ಟ ಮೇಲೆ ಅಂಗಡಿಯಲ್ಲೇ ಕೂತು ಓದಿಕೊಳ್ಳುತ್ತಾಳೆ. ಅವಳಿಗೂ ಅಕ್ಕ ಇಲಿ ಕತೆಯನ್ನೇ ಹೇಳಿದ್ದಳು.

ಹೋದ ವರ್ಷ ಶಿವರಾತ್ರಿ ಆದ ವಾರ ಅಕ್ಕ ಹೋದಳು. ಎದೆ ಹಿಡ್ಕೊಂಡಂಗಾಗ್ತಿದೆ ಅಂತ ಸ್ಟೂಲಿನ ಮೇಲೆ ಕೂತವಳು ಮತ್ತೆ ಏಳಲಿಲ್ಲ. ಅವಳಿಗೆ ಗಂಡ ಇದ್ದದ್ದು, ಅವನು ಎಂದೋ ಸತ್ತದ್ದು, ಎಲ್ಲಾ ನನಗೆ ಗೊತ್ತಾದದ್ದು ತಿಥಿಯ ದಿನ ಅವಳ ತಮ್ಮನಿಂದ. ಅವನೇ ಅಂಗಡಿ ಬೀಗದ ಕೈ ನನ್ನ ಕೈಯಲ್ಲಿಟ್ಟು, "ನಿಂಗೇ ಕೊಡು ಅಂತ ಹೇಳ್ತಿದ್ಲು" ಅಂದ.

ಅಂಗಡಿ ಗುಡಿಸುವಾಗ ಕೆಳಗಿನ ಡ್ರಾಯರಿನ ಮೂಲೆಯಲ್ಲಿ ರವಿಕೆ ಬಟ್ಟೆಯಲ್ಲಿ ಸುತ್ತಿದ ಒಂದು ಹಳೇ ಬಟನ್ ಫೋನು ಸಿಕ್ಕಿತು. ಊರಿನವರ ಫೋನೆಲ್ಲ ರಿಪೇರಿ ಮಾಡಿದವಳು ಇದೊಂದನ್ನು ಮಾತ್ರ ಹಾಗೇ ಇಟ್ಟಿದ್ದಳು. ಅವಳೇ ಕಲಿಸಿದ ಹಾಗೆ ಬೆಳಕಿಗೆ ಹಿಡಿದು ನೋಡಿದೆ. ಮೂಲೆ ಒಡೆದಿರಲಿಲ್ಲ, ಆದ್ದರಿಂದ ಬಿದ್ದದ್ದಲ್ಲ. ನಡುವೆ ಏಟಿನ ಗುರುತಿಲ್ಲ, ಆದ್ದರಿಂದ ಎಸೆದದ್ದಲ್ಲ. ಹಿಂದೆ ಮುಂದೆ ಎರಡೂ ಕಡೆ ಅಡ್ಡಡ್ಡಲಾಗಿ ಒಂದೇ ನೇರ ಗೆರೆ. ಬಾಗಿಲ ಸಂದಿಗೆ ಸಿಕ್ಕಿಸಿ, ಬಾಗಿಲನ್ನು ಜೋರಾಗಿ ಹಾಕಿದರೆ ಮಾತ್ರ ಹಾಗೆ ಒಡೆಯುತ್ತೆ.

ಫೋನ್ ಮಾಡುವವರು ಹಿಡಿಯುವ ಹಾಗೆ ಅದನ್ನು ಬಲಗೈಯಲ್ಲಿ ಹಿಡಿದೆ. ಗೆರೆ ಸರಿಯಾಗಿ ನನ್ನ ಹೆಬ್ಬೆರಳಿನ ಉಗುರಿನ ಕೆಳಗೆ ಹಾದುಹೋಗಿತ್ತು.

ಹಿಂದೆ ತಿರುಗಿಸಿ ನೋಡಿದೆ. ಆ ಕಾಲದ ಫೋನು, ಕ್ಯಾಮೆರಾ ಇರಲಿಲ್ಲ.